ನೀರಿನ ಟಾಕಿಯ ನವಿಲು

ನಾನು ಒಂದು ನಾಲ್ಕಿಂಚಿನ ಬ್ರಷ್ಷು. ಹಂದಿಯ ಕೂದಲನ್ನು ಮರದ ಹಿಡಿಕೆಗೆ ತಗಡಿನ ಪಟ್ಟಿಯಿಂದ ಬಿಗಿದಾಗ ನನ್ನ ಜನ್ಮವಾಯಿತು. ಮುಂದೆ ಎರಡು ಗುಡಿಗಳಿಗೂ ಬಣ್ಣ ಹಚ್ಚಿದೆ. ನನ್ನ ಕುಲ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗದಗಿನ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವನು ಪೇಂಟಿಂಗ್ ಮೇಸ್ತ್ರಿ ಫಕೀರಪ್ಪ. ಕೂದಲು ಉದುರತೊಡಗಿದ್ದೇ ತಡ, "ಇದು ನಿನಗ ಸಾಕು" ಎಂದು ನನ್ನನ್ನು ಕಸ್ತೂರೆವ್ವನತ್ತ ಎಸೆದ. ಹನ್ನೆರಡು ವರ್ಷದಿಂದ ಅವನ ಕೈಕೆಳಗೆ ದುಡಿಯುತ್ತಿದ್ದ ಆಕೆಗೆ ಸಿಗುತ್ತಿದ್ದದ್ದು ಗೋಡೆ ಉಜ್ಜುವ, ಬಣ್ಣಕ್ಕೆ ಮೊದಲಿನ ಬಿಳಿ ಪ್ರೈಮರ್ ಹೊಡೆಯುವ ಕೆಲಸವಷ್ಟೇ. ಬಣ್ಣದ ಡಬ್ಬಿಯ ಹತ್ತಿರ ಹೋದರೆ ಮೇಸ್ತ್ರಿ ಕೆಮ್ಮುತ್ತಿದ್ದ.

ಒಂದು ಭಾನುವಾರ ಓಣಿಯವರೆಲ್ಲ ಸೇರಿ ನೀರಿನ ಟಾಕಿಯ ಗೋಡೆಗೆ ಚಿತ್ರ ಬರೆಯಲು ನಿಂತರು. ಕಸ್ತೂರೆವ್ವ ನನ್ನನ್ನು ಹಿಡಿದು ಹೊರಟಳು.

"ಪುಕ್ಕಟೆ ದುಡಿಯಾಕ ಹೊಂಟೀಯಲ್ಲ, ತಲಿ ಕೆಟ್ಟೈತೇನು?" ಮೇಸ್ತ್ರಿ ನಕ್ಕ.

"ಅಲ್ಲಿ ಬಣ್ಣ ಮುಟ್ಟಿದ್ರ ಯಾರೂ ಕೆಮ್ಮಂಗಿಲ್ಲರಿ."

ಟಾಕಿಯ ಗೋಡೆಯ ಮೇಲೆ ನಿವೃತ್ತ ಲೆಕ್ಕದ ಮಾಸ್ತರ ಹಂಪಣ್ಣನವರು ಬೆಳಗಿನಿಂದ ಬೆವರು ಸುರಿಸಿ ನವಿಲು ಬಿಡಿಸಿದ್ದರು. ಬಂದವರೆಲ್ಲ, "ಕೋಳಿ ಭಾಳ ಚಂದ ಆಗೇತ್ರಿ ಸರ" ಎಂದು ಹೊಗಳಿದರು. ಮಾಸ್ತರರ ಮುಖ ಸಣ್ಣದಾಯಿತು.

ಕಸ್ತೂರೆವ್ವ ಮುಂದೆ ಬಂದಳು. ಹಸಿರಿಗೆ ನೀಲಿ ಬೆರೆಸಿ, ನನ್ನನ್ನು ಅದ್ದಿ, ಉದ್ದಕ್ಕೆ ಎಳೆದಳು. ವಿರಳವಾಗಿದ್ದ ನನ್ನ ಕೂದಲು ಒಂದೊಂದು ಎಳೆತಕ್ಕೂ ಗರಿಯ ಎಳೆಗಳನ್ನು ಬಿಡಿಸುತ್ತ ಹೋಯಿತು. ಹೊಸ ಬ್ರಷ್ಷಿಗೆ ಅದು ಆಗುತ್ತಿರಲಿಲ್ಲ. ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಸಂಜೆಗೆ ಕೋಳಿ ಗರಿಗೆದರಿ ನವಿಲಾಯಿತು. ಮಾಸ್ತರರು ಖುಷಿಯಿಂದ ಅದರ ಕೆಳಗೆ ಆಕೆಯ ಹೆಸರು, ಫೋನ್ ನಂಬರು ಬರೆದರು.

ಅದನ್ನು ನೋಡಿ ಬಾಲವಾಡಿಯ ಟೀಚರು ಫೋನ್ ಮಾಡಿದರು. ಆಮೇಲೆ ಹೆರಿಗೆ ಆಸ್ಪತ್ರೆಯವರು, ಆಮೇಲೆ ಕಲ್ಯಾಣ ಮಂಟಪದವರು. ಆ ಮಂಟಪಕ್ಕೆ ಒಬ್ಬಳ ಕೈ ಸಾಲದೆ ಕಸ್ತೂರೆವ್ವ ಆಳು ಕರೆದಳು. ಬಂದವರಲ್ಲಿ ಫಕೀರಪ್ಪನೂ ಇದ್ದ.

"ನಾ ಏನ್ ಮಾಡ್ಲಿ?" ನೆಲ ನೋಡುತ್ತ ಕೇಳಿದ.

"ಪ್ರೈಮರ್ ಹೊಡೀರಿ ಮೇಸ್ತ್ರಿ," ಎಂದಳು. ಮಧ್ಯಾಹ್ನ ಅವನಿಗೂ ಒಂದು ಹೂವಿನ ಬಳ್ಳಿ ಬರೆಯಲು ಕೊಟ್ಟಳು. ಅವನು ಬಣ್ಣದ ಡಬ್ಬಿಯ ಹತ್ತಿರ ಬಂದಾಗ ಆಕೆ ಕೆಮ್ಮಲಿಲ್ಲ.

ಈಗ ನನ್ನ ಕೂದಲೆಲ್ಲ ಹೋಗಿದೆ. ಕಸ್ತೂರೆವ್ವನ ಅತ್ತೆ ನನ್ನ ತಗಡಿನ ತುದಿಯಿಂದ ಬೆನ್ನು ತುರಿಸಿಕೊಳ್ಳುತ್ತಾಳೆ. ಕಣ್ಣು ಮುಚ್ಚಿ, "ಆಹಾ, ಯವ್ವಾ, ಸ್ವರ್ಗ!" ಅನ್ನುತ್ತಾಳೆ.

ಇಷ್ಟು ವರ್ಷ ಎಷ್ಟೋ ಗೋಡೆಗಳ ಸೇವೆ ಮಾಡಿದೆ. ಒಂದಾದರೂ ಬಾಯಿ ಬಿಟ್ಟು ಹೀಗೆ ಹೇಳಿತೇ?