ಟಗರು ಗುದ್ದಿದ ವಿಮಾನ

ಕುಳಗೇರಿ ಕ್ರಾಸಿನಿಂದ ಬಾದಾಮಿ ಕಡೆ ಹೊರಳಿದರೆ ಸ್ವಲ್ಪ ದೂರದಲ್ಲೇ ಶಂಕ್ರಪ್ಪನ ಹೊಲ. ಹೊಲದ ಮೂಲೆಯಲ್ಲಿ ದೊಡ್ಡದೊಂದು ತಗಡಿನ ಶೆಡ್ಡು. ಹೊಸಬರು ಅದನ್ನು ಕೋಳಿ ಫಾರ್ಮು ಎಂದೇ ತಿಳಿಯುತ್ತಿದ್ದರು. ಒಳಗಿದ್ದದ್ದು ವಿಮಾನ.

ಇಬ್ಬರು ಕೂಡುವಂಥ ಸಣ್ಣ ವಿಮಾನ. ರೆಕ್ಕೆ ತಲೆಯ ಮೇಲೆ, ಮೈಯೆಲ್ಲ ಅಲ್ಯೂಮಿನಿಯಂ. ಅದನ್ನು ಕಟ್ಟಿದವರೂ ಇಬ್ಬರೇ. ಒಬ್ಬ ಜಯಂತ, ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಮೇಲೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿಕೊಂಡವನು. ಇನ್ನೊಬ್ಬ ಅವನ ಕೂಡ ಸಾಲಿ ಕಲಿತ ಗೆಳೆಯ ಶಂಕ್ರಪ್ಪ, ಬಸ್ ಡಿಪೋದಲ್ಲಿ ತಗಡು ಬಡಿದು ಬಣ್ಣ ಹೊಡೆದು ರಿಟೈರ್ ಆದವನು. ಒಬ್ಬ ಹೊರಗಿನಿಂದ ರಿವೆಟ್ ಹೊಡೆದರೆ ಇನ್ನೊಬ್ಬ ಒಳಗೆ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಅಂಥ ಕೆಲಸದಲ್ಲಿ ವರ್ಷಗಟ್ಟಲೆ ಕಳೆದರೂ ಇಬ್ಬರ ನಡುವೆ ಒಂದು ಬಿರುಸು ಮಾತು ಬಂದಿರಲಿಲ್ಲ. ಕೊನೆಯ ರಿವೆಟ್ ಕೂತ ದಿನ ಜಗಳ ಶುರುವಾಯಿತು.

"ನಾಳಿಂದ ಪಾಲಿಶ್ ಹಿಡಿಯೋಣು," ಅಂದ ಜಯಂತ, ರೆಕ್ಕೆಯ ಮೇಲೆ ಕೈಯಾಡಿಸುತ್ತ.

"ಪಾಲಿಶ್ ಯಾಕಲೇ? ಬಣ್ಣ ಹೊಡಿಯೂದಲ್ಲೇನು?" ಅಂದ ಶಂಕ್ರಪ್ಪ. ಅವನು ಆಗಲೇ ಸ್ಪ್ರೇ ಗನ್ನು ತೊಳೆದು ಇಟ್ಟುಕೊಂಡಿದ್ದ.

ಜಯಂತನಿಗೆ ಬಣ್ಣ ಬೇಡವಾಗಿತ್ತು. ನೌಕರಿಯ ಕಾಲದಲ್ಲಿ ಅವನ ಕೈಗೆ ಬಂದ ವಿಮಾನಗಳೆಲ್ಲ ಬೂದಿ ಬಣ್ಣದವು. ಹಳೆಯ ಬಣ್ಣ ಕೆರೆದು ತೆಗೆದಾಗ ಮಾತ್ರ ಒಳಗಿನ ಲೋಹ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅವನು ಕಣ್ತುಂಬ ನೋಡುವಷ್ಟರಲ್ಲಿ ಮತ್ತೆ ಬೂದಿ ಬಳಿಯುತ್ತಿದ್ದರು. ತನ್ನ ಸ್ವಂತದ್ದೊಂದು ಆದರೆ ಅದು ಹಾಗೇ ಹೊಳೆಯುತ್ತಿರಲಿ ಎಂದು ಆಗಿನಿಂದಲೂ ಅವನ ಆಸೆ.

"ಬಣ್ಣಕ್ಕ ಭಾರ ಇರ್ತದೋ ಶಂಕ್ರ್ಯಾ. ಒಂದು ಚೀಲ ಸಿಮೆಂಟಿನ ಕಾಲುಭಾಗ ಹೊತಗೊಂಡು ಹಾರಿಧಂಗ."

"ಮತ್ತ ಗೀರು ಬಿದ್ರ? ನೆಗ್ಗಿದ್ರ? ಬಣ್ಣ ಇದ್ರ ಪುಟ್ಟಿ ಲಪ್ಪಾ ತುಂಬಿ ಮುಚ್ಚಬಹುದು. ನಿನ್ನ ಕನ್ನಡ್ಯಾಗ ಎಲ್ಲಾ ಊರ ಮುಂದ ಬಯಲು."

ಮಾತು ಮುಗಿಯದೆ, ಜಯಂತನ ಮಗಳು ಸಂಪದಾಗೆ ಫೋನು ಹೋಯಿತು. ಅವಳು ವಿಮಾನ ಹಾರಿಸಲು ಕಲಿಸುವವಳು. ಇದನ್ನು ಮೊದಲ ಸಲ ಮೇಲಕ್ಕೆ ಒಯ್ಯಬೇಕಾದವಳೂ ಅವಳೇ.

"ಅಪ್ಪಾ, ನನ್ನ ಕಣ್ಣಮುಂದಿನ ಮೂಗಿನ ಮ್ಯಾಲೆ ಮಾತ್ರ ಕರೇ ಬಣ್ಣ ಇರಲಿ, ಇಲ್ಲಂದ್ರ ಬಿಸಿಲಿಗೆ ಕಣ್ಣು ಕುಕ್ತದ," ಎಂದಳು. "ಉಳಿದದ್ದು ನೀವು, ಶಂಕ್ರಪ್ಪ ಕಾಕಾ ಬಗಿಹರಿಸಿಕೊಳ್ರಿ. ನನ್ನ ನಡುವ ಎಳೀಬ್ಯಾಡ್ರಿ."

ಕೊನೆಗೆ ಶಂಕ್ರಪ್ಪನೇ ಸೋತ. ಸೋತವನು ಮುಖ ಊದಿಸಿಕೊಂಡು ಕೂಡಲಿಲ್ಲ, ತಾನೂ ಅರಿವೆ ಹಿಡಿದ. ಮೊದಲು ಒರಟು ಪಾಲಿಶ್, ಆಮೇಲೆ ನಯ, ಆಮೇಲೆ ಮೆತ್ತಗಿನ ಬಟ್ಟೆ. ಕೈ ಕರ್ರಗಾಗಿ, ಭುಜ ಸೆಟೆದುಕೊಂಡು, ಒಬ್ಬರ ಬೆನ್ನಿಗೆ ಒಬ್ಬರು ಎಣ್ಣೆ ತಿಕ್ಕಿಕೊಳ್ಳುವ ಹೊತ್ತು ಬಂತು. ಆದರೆ ಮೈ ಪೂರ್ತಿ ಹೊಳಪಿಗೆ ಬಂದ ದಿನ ವಿಮಾನವನ್ನು ಶೆಡ್ಡಿನ ಹೊರಗೆ ತಳ್ಳಿ ನಿಲ್ಲಿಸಿದಾಗ ಶಂಕ್ರಪ್ಪನೂ ಅದರ ಸುತ್ತ ಎರಡು ಸಲ ತಿರುಗಿದ. ಜೋಳದ ಹೊಲ, ಬೇವಿನ ಗಿಡ, ದೂರದ ಕೆಂಪು ಗುಡ್ಡ, ಎಲ್ಲವೂ ಆ ಮೈಯಲ್ಲಿ ಬಾಗಿ ಬಳುಕಿ ಹರಿದಿದ್ದವು.

"ಚಹಾ ಕುಡಿದು ಬಂದು ಇನ್ನೊಮ್ಮೆ ನೋಡೋಣು," ಅಂದ ಜಯಂತ. ಇಬ್ಬರೂ ಶೆಡ್ಡಿನ ಹಿಂದೆ ಹೋಗಿ ಕೂತರು.

ಪಕ್ಕದ ಹೊಲದ ಯಮನಪ್ಪನ ಹತ್ತಿರ ಒಂದು ಟಗರಿತ್ತು. ಕಾಳಗದ ಟಗರು. ಬೆಳಿಗ್ಗೆ ಹುರಳಿ, ಸಂಜೆ ಹಾಲು ಕುಡಿದು ಬೆಳೆದದ್ದು. ಸುತ್ತಿನ ಊರುಗಳಲ್ಲಿ ಅದರೆದುರು ನಿಲ್ಲುವ ಟಗರು ಉಳಿದಿರಲಿಲ್ಲ. ಆ ದಿನ ಅದು ಗೂಟ ಕಿತ್ತುಕೊಂಡು ಬಂದು, ವಿಮಾನದ ಬದಿಯಲ್ಲಿ ತನ್ನಷ್ಟೇ ದಪ್ಪ, ತನ್ನಂಥದೇ ಕೋಡಿನ ಇನ್ನೊಂದು ಟಗರನ್ನು ಕಂಡಿತು. ಇದು ಕಾಲು ಕೆರೆದರೆ ಅದೂ ಕೆರೆಯಿತು. ಇದು ಹಿಂದೆ ಸರಿದರೆ ಅದೂ ಸರಿಯಿತು. ಇಷ್ಟು ಸೊಕ್ಕಿನ ಎದುರಾಳಿಯನ್ನು ಅದು ತನ್ನ ಜನ್ಮದಲ್ಲಿ ನೋಡಿರಲಿಲ್ಲ.

ಧಡ್ಡ್ ಅಂತ ಸದ್ದಾಯಿತು. ಇಬ್ಬರೂ ಕಪ್ಪು ಎಸೆದು ಓಡಿಬಂದರು. ಟಗರು ಎರಡನೆಯ ಗುದ್ದಿಗೆ ಹಿಂದೆ ಸರಿಯುತ್ತಿತ್ತು. ಶಂಕ್ರಪ್ಪ ಹೆಗಲ ಟವೆಲ್ಲನ್ನು ಅದರ ಮುಖದ ಮೇಲೆ ಎಸೆದು ಕೋಡು ಹಿಡಿದ. ಬಾಲದ ಹತ್ತಿರ, ಹಿಟ್ಟು ನಾದುವ ಪರಾತದ ಅಗಲಕ್ಕೆ, ವಿಮಾನದ ಮೈ ಒಳಗೆ ಹೋಗಿತ್ತು.

ಯಮನಪ್ಪ ಏದುಸಿರು ಬಿಡುತ್ತ ಬಂದು ನೋಡಿ ಗಲ್ಲ ಗಲ್ಲ ಬಡಿದುಕೊಂಡ. "ತಪ್ಪಾತ್ರಿ ಸಾಹೇಬ್ರ. ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ. ಇದಕ್ಕೂ ಕೊಡ್ರಿ, ನನಗೂ ಕೊಡ್ರಿ."

ಜಯಂತ ನೆಲದ ಮೇಲೆ ಕುಳಿತುಬಿಟ್ಟಿದ್ದ. ಟಗರು ಟವೆಲ್ಲಿನೊಳಗಿಂದ ಬ್ಯಾ ಎಂದಿತು. ಅವನಿಗೆ ಯಾಕೋ ತಡೆಯಲಾಗದೆ ನಗು ಬಂತು.

"ಹೋಗೋ ಯಮನಪ್ಪ. ಅದರದ್ದೇನು ತಪ್ಪದ? ಅದಕ್ಕ ಕಂಡದ್ದು ಟಗರು, ಅದು ಟಗರಿಗೇ ಗುದ್ದೇದ."

ಶಂಕ್ರಪ್ಪ 'ನಾ ಮೊದ್ಲ ಹೇಳಿದ್ದಿಲ್ಲೇನು' ಎನ್ನಲಿಲ್ಲ. ಒಳಗಿನ ಪಟ್ಟಿಯೂ ಬಾಗಿದ್ದರಿಂದ ಲಪ್ಪಾ ತುಂಬಿ ಮುಚ್ಚುವ ಹಾಗಿರಲಿಲ್ಲ. ಇಬ್ಬರೂ ಸೇರಿ ಅಲ್ಲಿನ ರಿವೆಟ್‌ಗಳನ್ನೆಲ್ಲ ಕೊರೆದು ತೆಗೆದು, ಪಟ್ಟಿ ಬದಲಿಸಿ, ಹೊಸ ಹಾಳೆ ಕೂಡಿಸಿದರು. ಕೆಲಸ ಚೊಕ್ಕಾಗಿಯೇ ಆಯಿತು. ಆದರೆ ಥಳಥಳಿಸುವ ಮೈಯಲ್ಲಿ ಹೊಸ ಹಾಳೆ ಮಂಕಾಗಿ ಕಾಣುತ್ತಿತ್ತು. ಜಯಂತ ಮತ್ತೆ ಅರಿವೆ ಹಿಡಿದ.

ಆ ವಾರವೇ ಅವನ ತಾಯಿ ರುಕ್ಮಿಣೀಬಾಯಿ ಮಹಾಕೂಟಕ್ಕೆ ಹೋಗಿ ಬರುವಾಗ ಕಾರು ನಿಲ್ಲಿಸಿಕೊಂಡು ಶೆಡ್ಡಿಗೆ ಬಂದರು. ವಯಸ್ಸು ಎಂಬತ್ತು ದಾಟಿದರೂ ನಡಿಗೆ ಚುರುಕು. ಒಂದು ಸುತ್ತು ಹಾಕಿದರು. ಮೈಯಲ್ಲಿ ಮುಖ ನೋಡಿ ಕುಂಕುಮ ಸರಿ ಮಾಡಿಕೊಂಡರು.

"ಹೆಂಗದವ್ವಾ?" ಎಂದ ಜಯಂತ.

"ಛಲೋ ಅದ. ಇದನ್ನ ದಿನಾ ತಿಕ್ಕಬೇಕೇನೋ?"

"ದಿನಾ ಅಲ್ಲ. ತಿಂಗಳಿಗೊಮ್ಮೆ, ಮಳಿಗಾಲದಾಗ ಇನ್ನೂ ಸ್ವಲ್ಪ ಹೆಚ್ಚು."

"ನಾ ಲಗ್ನ ಆದಾಗಿನಿಂದ ದೇವರ ತಂಬಿಗಿ, ದೀಪದ ಸಮೆ ತಿಕ್ಕಿಕೋತ ಬಂದೇನಿ. ನನ್ನ ಮಗಾ ವಿಮಾನ ತಿಕ್ಕತಾನ! ಹಾರೂದು ಯಾವಾಗೋ?" ಎಂದು ನಕ್ಕರು. ಆಮೇಲೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. "ಜಯ್ಯಾ, ಇದರಾಗ ನಾ ಕಾಣ್ತೇನಿ, ಗಿಡ ಕಾಣ್ತದ, ಶಂಕ್ರಪ್ಪ ಕಾಣ್ತಾನ. ನೀವು ಕಟ್ಟಿದ್ದು ಎಲ್ಲಿ ಅದನೋ?"

ತಾಯಿ ಹೋದ ಮೇಲೆ ಜಯಂತನೂ ದೂರ ನಿಂತು ನೋಡಿದ. ಖರೆ, ವಿಮಾನದ ಆಕಾರವೇ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಬಾಲದ ಆ ಚಂದದ ಇಳಿಜಾರನ್ನು ತಿದ್ದಿ ತೀಡಲು ಇಬ್ಬರೂ ಒಂದು ಇಡೀ ಬ್ಯಾಸಗಿ ಕಳೆದಿದ್ದರು. ಅದು ಮೋಡದಲ್ಲಿ, ಜೋಳದಲ್ಲಿ ಕರಗಿಹೋಗಿತ್ತು. ಆಕಾಶಕ್ಕೆ ಏರಿದರೆ ಆಕಾಶವೇ ಆಗಿಬಿಡುತ್ತದೆ. ಬೇರೆ ವಿಮಾನದವನಿಗಾದರೂ ಇದು ಕಾಣಬೇಡವೇ? ಒಳಗೆ ಕೂಡುವವಳು ತನ್ನ ಮಗಳು.

"ಶಂಕ್ರ್ಯಾ, ಬಣ್ಣಾನ ಹೊಡಿಯೋಣು," ಅಂದ.

ಶಂಕ್ರಪ್ಪ ಕೈಯಲ್ಲಿದ್ದ ಅರಿವೆ ಕೆಳಗಿಟ್ಟ. "ತಲಿ ಕೆಟ್ಟೈತೇನಲೇ? ನನ್ನ ಭುಜ ಇನ್ನೂ ನೋಯಾಕತ್ತಾವು! ಇಷ್ಟ್ ಚಂದ ಹೊಳಿಯೂದನ್ನ ನಾ ನನ್ನ ಕೈಲೆ ಮುಚ್ಚಲೇನು?"

"ನೀನ ಅಲ್ಲೇನೋ ಬಣ್ಣ ಬಣ್ಣ ಅಂತಿದ್ದಾಂವ?"

"ಆಗ ನಾ ತಿಕ್ಕಿದ್ದಿಲ್ಲ. ಈಗ ತಿಕ್ಕೇನಿ."

ಹೀಗೆ ಅದೇ ಜಗಳ ತಿರುಗುಮುರುಗಾಗಿ ಮತ್ತೆ ನಡೆಯಿತು. ಶಂಕ್ರಪ್ಪನ ಹೆಂಡತಿ ದುರಗವ್ವ ರೊಟ್ಟಿಬುತ್ತಿ ತಂದವಳು ಇಬ್ಬರ ಮಾತನ್ನೂ ಕೇಳುವಷ್ಟು ಕೇಳಿದಳು. "ಕೆಳಗ ನಿಂತ ನೋಡಾವರಿಗೆ ರೆಕ್ಕಿ ಹೊಟ್ಟಿ ಕಾಣ್ತೈತಿ. ಅಷ್ಟ ಹೊಳಿಲಿ ಬಿಡ್ರಿ. ಉಳದದ್ದಕ್ಕ ಬಣ್ಣ ಬಳೀರಿ. ಈಗ ಉಣ್ರಿ, ಪಲ್ಯಾ ಆರ್ತೈತಿ," ಎಂದಳು.

ಇಬ್ಬರಿಗೂ ಅದು ಸರಿ ಅನಿಸಿತು, ಉಣ್ಣಲು ಕೂತರು. ಬಣ್ಣ ಯಾವುದು ಎನ್ನುವುದಕ್ಕೆ ಹೆಚ್ಚು ಮಾತೇ ಬೇಕಾಗಲಿಲ್ಲ. ಬದುವಿನಾಚೆ ಕುಸುಬಿ ಹೂ ಬಿಟ್ಟಿತ್ತು. ಶಂಕ್ರಪ್ಪ ಒಂದು ಹೂ ಕಿತ್ತು ತಂದು, ಹಳದಿಗೆ ಕೆಂಪು ಹನಿಸಿ ಹನಿಸಿ, ಆ ಬಣ್ಣವೇ ಬರುವ ತನಕ ಕಲಸಿದ. ಜಯಂತ ಮುಖಕ್ಕೆ ಅರಿವೆ ಕಟ್ಟಿಕೊಂಡು ಪೈಪು ಹಿಡಿದು ನಿಂತ.

ಕಾಗದಪತ್ರದ ತಿರುಗಾಟವೆಲ್ಲ ಮುಗಿದ ಮೇಲೆ ರೆಕ್ಕೆ ಬಿಚ್ಚಿ, ಲಾರಿಯಲ್ಲಿ ಹೇರಿ, ಖಾಸಗಿ ರನ್‌ವೇಯೊಂದಕ್ಕೆ ಒಯ್ದು ಮತ್ತೆ ಜೋಡಿಸಿದರು. ರುಕ್ಮಿಣೀಬಾಯಿ ಕುರ್ಚಿ ಹಾಕಿಸಿಕೊಂಡು ಕೂತರು. ಯಮನಪ್ಪನೂ ಬಂದಿದ್ದ, ಟಗರನ್ನು ಮನೆಯಲ್ಲೇ ಬಿಟ್ಟು. ಸಂಪದಾ ಒಬ್ಬಳೇ ಹತ್ತಿ ಕೂತು ಬಾಗಿಲು ಹಾಕಿಕೊಂಡಳು. ವಿಮಾನ ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು. ತಲೆಯ ಮೇಲೆ ಹಾದುಹೋಗುವಾಗ ರೆಕ್ಕೆಯ ಕೆಳಮೈ ಒಮ್ಮೆ ಫಳ್ಳೆಂದಿತು. ಆಮೇಲೆ ಅದು ತಿರುವು ತೆಗೆದುಕೊಂಡು ವಾಲಿದಾಗ ನೀಲಿ ಆಕಾಶದಲ್ಲಿ ಒಂದು ಕುಸುಬಿ ಹೂವಿನಷ್ಟು ಬಣ್ಣ ಸ್ವಚ್ಛ ಕಂಡಿತು. ದುರಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಂಕ್ರಪ್ಪ ಟೊಪ್ಪಿಗೆ ತೆಗೆದು ಬೀಸುತ್ತಲೇ ಇದ್ದ. ಜಯಂತ ಮಾತ್ರ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದ.

ಸಂಪದಾ ಇಳಿದು ಬಂದು ಹೆಲ್ಮೆಟ್ ತೆಗೆದಳು.

"ಭಾಳ ಛಲೋ ಹಾರ್ತದಪ್ಪಾ. ಹಗೂರ ಅದ, ಹೇಳಿಧಂಗ ಕೇಳ್ತದ. ಆದ್ರ ಸ್ವಲ್ಪ ಎಡಕ್ಕ ಎಳೀತದ."

"ಎಷ್ಟು?" ಅಂದ ಜಯಂತ.

"ಭಾಳ ಇಲ್ಲ. ಬಲಗಾಲಿನ ಪೆಡಲ್ ಸ್ವಲ್ಪ ಒತ್ತಿ ಹಿಡೀಬೇಕು, ಅಷ್ಟ."

ಹಾರ ಹಿಡಿದು ನಿಂತವರನ್ನು ದಾಟಿಕೊಂಡು ಇಬ್ಬರು ಗೆಳೆಯರೂ ಬಾಲದ ಚುಕ್ಕಾಣಿಯ ಕಡೆ ಧಾವಿಸಿದರು, ಒಬ್ಬನ ಕೈಯಲ್ಲಿ ಪಾನಾ, ಇನ್ನೊಬ್ಬನ ಕೈಯಲ್ಲಿ ಸ್ಕ್ರೂಡ್ರೈವರ್.