ನಾನು ಬಿಟ್ಟುಬಂದ ಕುರ್ಚಿ

ನಾವು ಮೆನೊನೈಟ್ ಪಂಥದ ಕ್ರೈಸ್ತರು ಕೋರ್ಟಿನಲ್ಲೂ ಆಣೆ ಇಡುವುದಿಲ್ಲ. ಆಣೆ ಇಟ್ಟಾಗ ಮಾತ್ರ ನಿಜ ಹೇಳುವವರು ನಾವಲ್ಲ. ಸುಳ್ಳು ಪಾಪ, ಕೊಲೆಯೂ ಪಾಪ. ಎರಡೂ ಒಂದೇ ದಿನ ನನ್ನೆದುರು ಬಂದು ನಿಲ್ಲುತ್ತವೆಂದು ಎಣಿಸಿರಲಿಲ್ಲ.

ತೀರ್ಪು ಕೊಡುವ ಹನ್ನೆರಡು ಜನಸಾಮಾನ್ಯರ ಜ್ಯೂರಿಗೆ ಬರಬೇಕೆಂದು ಅಮೆರಿಕದ ನಮ್ಮ ಕಾನ್ಸಾಸಿನ ಜಿಲ್ಲಾ ಕೋರ್ಟಿನಿಂದ ಕಾಗದ ಬಂತು. ಪೆಟ್ರೋಲ್ ಬಂಕಿನ ಮಾಲೀಕನನ್ನು ಕೊಂದ ಡ್ವೇನ್ ಪ್ರೂಯೆಟ್‌ನ ಮೊಕದ್ದಮೆ. ಮರಣದಂಡನೆಗೆ ಹನ್ನೆರಡು ಮಂದಿಯೂ ಒಪ್ಪಬೇಕು. ಒಬ್ಬರು ಒಲ್ಲೆನೆಂದರೂ ಅವನ ಜೀವ ಉಳಿಯುತ್ತದೆ.

ಕೋರ್ಟಿಗೆ ಹೋಗುವ ಹಿಂದಿನ ದಿನ ತಮ್ಮ ಓರ್ಲಿನ್ ನನ್ನ ಬೇಕರಿಗೆ ಬಂದು ಕೂತ.

"ಅಕ್ಕಾ, ಸಾಯಿಸೋ ಶಿಕ್ಷೆಗೆ ಒಪ್ತೀರಾ ಅಂತ ಮೊದಲೇ ಕೇಳ್ತಾರೆ. ಇಲ್ಲ ಅಂದೋರನ್ನ ಮನೆಗೆ ಕಳಿಸ್ತಾರೆ. ಹೂಂ ಅಂದ್ಬಿಡು. ಒಳಗೆ ಹೋದ್ಮೇಲೆ ಇಲ್ಲ ಅನ್ನು. ಮುಗೀತು."

"ಸುಳ್ಳು ಹೇಳು ಅಂತೀಯಾ? ಚರ್ಚಿನ ಹಿರಿಯ ಬೇರೆ! ಹೊಟ್ಟೆ ಬಂದಿದೆ, ನಾಚಿಕೆ ಬಂದಿಲ್ಲ."

"ನಿನ್ನ ನಾಚಿಕೆಗೋಸ್ಕರ ಆ ಹುಡುಗ ಸಾಯಬೇಕಾ?"

ಬನ್ನಿನ ಹಿಟ್ಟು ನಾದಿದೆ. ಮೈಯೆಲ್ಲ ಉರಿಯಿತು, ಏಕೆಂದರೆ ಅವನ ಮಾತಿನಲ್ಲಿ ಹುರುಳಿತ್ತು.

ಕೋರ್ಟಿನಲ್ಲಿ ಉಳಿದವರು ಕೈ ಎತ್ತಿ ಆಣೆ ಇಟ್ಟರು. ನಾನು ಬರೀ ನಿಜ ಹೇಳುತ್ತೇನೆ ಎಂದೆ. ಸರ್ಕಾರಿ ವಕೀಲ ಕೇಳಿದ: "ಲವೀನಾ ಅವರೇ, ಮರಣದಂಡನೆಗೆ ಒಪ್ಪೋಕೆ ನಿಮ್ಮ ಧರ್ಮ ಬಿಡುತ್ತಾ?"

ಡ್ವೇನ್ ಉಗುರು ಕಚ್ಚುತ್ತಿದ್ದ. ಹಿಂದಿನ ಬೆಂಚಿನಲ್ಲಿ ಅವನ ತಾಯಿ ನನ್ನ ಬಾಯನ್ನೇ ನೋಡುತ್ತಿದ್ದಳು.

"ಬಿಡಲ್ಲ. ನನ್ನಿಂದಾಗಲ್ಲ."

"ನಿಮ್ಮ ಪ್ರಾಮಾಣಿಕತೆ ದೊಡ್ಡದಮ್ಮ. ಇನ್ನು ನೀವು ಹೋಗಬಹುದು," ಎಂದರು ನ್ಯಾಯಾಧೀಶರು. ಸಂವಿಧಾನ ನನ್ನ ಧರ್ಮವನ್ನು ಗೌರವಿಸುತ್ತದಂತೆ. ಗೌರವಿಸಿಯೇ ಬಾಗಿಲು ತೋರಿಸಿತು. ನನ್ನ ಕುರ್ಚಿಗೆ ಒಬ್ಬ ಟ್ರ್ಯಾಕ್ಟರ್ ವ್ಯಾಪಾರಿ ಬಂದು ಕೂತ. ಅವನೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನೇ. ಅವನ ಧರ್ಮ ಯಾವುದಕ್ಕೂ ಅಡ್ಡ ಬರಲಿಲ್ಲ.

ನಮ್ಮ ಚರ್ಚಿನಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನೂ ಹಿಗ್ಗಿದೆ. ಈಗ ನೆನೆದರೆ ಹೇಸಿಗೆಯಾಗುತ್ತದೆ.

ಮೂರು ವಾರಕ್ಕೆ ತೀರ್ಪು ಬಂತು. ಮರಣದಂಡನೆ. ಹನ್ನೆರಡು ಮಂದಿ ಒಪ್ಪಲು ಐವತ್ತು ನಿಮಿಷ ಸಾಕಾಗಿತ್ತು.

ಮರುದಿನ ಅವನ ತಾಯಿ ಬೇಕರಿಗೆ ಬಂದಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ನೀವು ಆಗಲ್ಲ ಅಂದಾಗ ನನ್ನ ಮಗ ಬದುಕಿದ ಅಂದ್ಕೊಂಡೆ ಕಣ್ರೀ. ಆಮೇಲೆ ನೀವು ಎದ್ದು ಹೋಗ್ಬಿಟ್ರಿ."

"ಅವರೇ ಕಳಿಸಿದ್ರು."

"ಒಂದೇ ಒಂದು ಸುಳ್ಳು, ಅಮ್ಮಾ. ಹೇಳೋಕಾಗ್ತಿರಲಿಲ್ವಾ?"

ಆಗುತ್ತಿರಲಿಲ್ಲ ಎಂದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಆದರೆ ನಾವು ಸುಳ್ಳು ಹೇಳುವುದಿಲ್ಲ.

"ಆಗ್ತಿತ್ತು," ಎಂದೆ.