ಬೀಗದಪ್ಪನ ತಂಪು ಕೋಣೆ

ನನ್ನ ತಂಗಿಯ ಗಂಡ ದಾಟಿಹೋದ ಬಾಗಿಲು ತೆರೆದೇ ಉಳಿದದ್ದನ್ನು ಕಂಡವರಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದು ಬರುವಾಗಲೂ ಮೊಣಕೈಯಿಂದ ತಳ್ಳಿ, ಹಿಮ್ಮಡಿಯಿಂದ ಒತ್ತಿ, ಬಾಗಿಲು ಚೌಕಟ್ಟಿಗೆ ಕೂತ ಸದ್ದು ಕೇಳಿದ ಮೇಲೆಯೇ ಅವರ ಮುಂದಿನ ಹೆಜ್ಜೆ. ನಂಟರಿಷ್ಟರೆಲ್ಲ ಅವರಿಗೆ ಬೀಗದಪ್ಪ ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು, ಬಿರುದೆಂದೇ ತಿಳಿದಿದ್ದರು.

ಉದ್ಯೋಗದ ಅವಧಿಯುದ್ದಕ್ಕೂ ಅವರು ಕಾದದ್ದು ಹಳೆಯ ದಸ್ತಾವೇಜುಗಳ ಭಂಡಾರವೊಂದನ್ನು. ಕಿಟಕಿಯಿಲ್ಲದ ಆ ತಂಪು ಕೋಣೆಗಳಲ್ಲಿ ಬಿಸಿಲಿಗೂ ಗಾಳಿಗೂ ಪ್ರವೇಶ ನಿಷಿದ್ಧ. ಮಲಗಿರುವ ಕಾಗದಗಳಿಗೆ ಎಚ್ಚರವಾದೀತೆಂಬಂತೆ ತುದಿಗಾಲಲ್ಲಿ ನಡೆಯುವ ರೂಢಿ, ಮಾತಿಗೊಮ್ಮೆ "ಮೆಲ್ಲಗೆ, ಮೆಲ್ಲಗೆ" ಎನ್ನುವ ಚಟ, ಮೊಣಕೈ ಸವೆದ ಬೂದುಬಣ್ಣದ ಉಣ್ಣೆಯ ಕೋಟು, ಇಷ್ಟನ್ನೂ ನಿವೃತ್ತಿಯ ದಿನ ಅವರು ಮನೆಗೆ ತಂದರು. ಬೆನ್ನಿಗೇ ಮಲಗುವ ಕೋಣೆಗೆ ಏಸಿ ಹಾಕಿಸಿದರು. ಹೆಂಡತಿಗೆ ಸೆಕೆ ತಡೆಯದು, ರಸ್ತೆಯ ಧೂಳಿಗೆ ಸೀನು ನಿಲ್ಲದು. ಅವಳಿಗಾಗಿ ಕಿಟಕಿಯ ಸಂದುಗಳಿಗೆಲ್ಲ ಬಟ್ಟೆಯ ಪಟ್ಟಿ ಅಂಟಿಸಿದರು, ಬಾಗಿಲಡಿಗೆ ಟವೆಲ್ಲು ಸುತ್ತಿಟ್ಟರು, ಕಡುಬೇಸಿಗೆಯಲ್ಲಿ ಕೋಟು ತೊಟ್ಟು ಮಂಚದ ಮೇಲೆ ಕೂತು ತೃಪ್ತರಾದರು.

"ಇನ್ನೂರು ವರ್ಷದ ಕಾಗದಾನೇ ಕೆಡದ ಹಾಗೆ ಇಟ್ಟೋನು ನಾನು. ನಿನ್ನನ್ನ ಇಡೋಕಾಗಲ್ವಾ?"

"ಹಾಗಾದ್ರೆ ದಾರ ಕಟ್ಟಿ ಕಪಾಟಲ್ಲಿಡಿ. ಬೆನ್ನ ಮೇಲೆ ನಂಬರೂ ಬರೆದುಬಿಡಿ," ಎಂದಳು ನನ್ನ ತಂಗಿ.

ಅವಳದು ಅಂಧರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೆಲಸ. ಆ ತಂಪು ಕೋಣೆಯೇ ನಿಶ್ಶಬ್ದವೆಂದು ಓದು, ನಿದ್ದೆ ಎರಡೂ ಅಲ್ಲೇ. ದೊಡ್ಡ ಕಾದಂಬರಿಯೊಂದರ ನಡುವೆ ಗಂಟಲು ಕಟ್ಟಿತು. ಬೆಳಗೆದ್ದರೆ ತಲೆಭಾರ, ಸಾಲಿಗೊಂದು ಕೆಮ್ಮು. ಹೊರಗಿನ ಧೂಳು ಎಲ್ಲಿಂದಲೋ ನುಸುಳುತ್ತಿದೆಯೆಂದು ಬೀಗದಪ್ಪ ಇನ್ನೂ ಒಂದು ಸುತ್ತು ಪಟ್ಟಿ ಅಂಟಿಸಿದರು. ಕೆಮ್ಮು ಹೆಚ್ಚಿತು. ಹೀಗೇ ಆದರೆ ಓದನ್ನು ಬೇರೆಯವರಿಗೆ ಒಪ್ಪಿಸಬೇಕಾದೀತೆಂದು ಕೆಲಸ ಕೊಟ್ಟವರು ಹೇಳಿದರು. ಕೆಲವು ದಿನ ಬೇರೆ ಕಡೆ ಇದ್ದು ನೋಡಿ ಎಂದು ವೈದ್ಯೆ ಸೂಚಿಸಿದ್ದರಿಂದ ತಂಗಿ ನನ್ನ ಮನೆಗೆ ಬಂದಳು. ವಾರ ಕಳೆಯುವುದರೊಳಗೆ ಗಂಟಲು ತಿಳಿಯಾಯಿತು.

ಫೋನಿನಲ್ಲಿ ಆ ತಿಳಿಯಾದ ದನಿ ಕೇಳಿ ಸಂತೋಷಪಡುವ ಬದಲು ಬೀಗದಪ್ಪ ಮುನಿಸಿಕೊಂಡು, ಕೊಡೆ ಹಿಡಿದು ನೇರ ಬಂದರು. ಬಂದವರೇ ನನ್ನ ಮನೆಯ ಬಾಗಿಲು ಮುಚ್ಚಿದರು.

"ಅತ್ತಿಗೆ, ನಿಮ್ಮಲ್ಲಿ ಧೂಳು ಕುಣೀತಾ ಇದೆ. ಇಲ್ಲಿ ವಾಸಿಯಾಗುತ್ತೆ, ನನ್ನ ಹತ್ರ ಆಗಲ್ಲ ಅಂದ್ರೆ ಏನರ್ಥ? ನಾನೇನು ಕಡಿಮೆ ಮಾಡಿದೆ?"

ಉತ್ತರ ಕೊಟ್ಟವಳು ತಂಗಿ. "ಅಲ್ರೀ, ನಿಮ್ಮ ಭಂಡಾರದೊಳಗೆ ನೀವು ಯಾವತ್ತಾದರೂ ಮಲಗಿದ್ದುಂಟಾ?"

"ಅಲ್ಲಿ ಯಾರು ಮಲಗ್ತಾರೆ? ಬೇಕಾದ್ದು ತಗೊಂಡು ಆಚೆ ಬರೋದಪ್ಪ. ಜಾಸ್ತಿ ಹೊತ್ತು ಇದ್ರೆ ತಲೆ ಭಾರ…"

ಕೊಡೆಯ ಹಿಡಿಯನ್ನು ತಿರುವುತ್ತ ಕೂತರು. "ಆ ಏಸಿ ಮಿಷಿನ್ನು ತೊಳೆಯೋಕೆ ಅಲ್ಲಿ ಬೇರೆ ಜನ ಇದ್ರು," ಎಂದರು ಕೊನೆಗೆ, ಯಾರೂ ಕೇಳದಿದ್ದರೂ. ಆಮೇಲೆ ಎದ್ದು ಹೋದರು.

ಹೋದವರು ಏಸಿಯ ಮುಚ್ಚಳ ತೆಗೆದಿದ್ದಾರೆ. ಕಾಗದದ ಮೇಲೆ ಒಂದು ಕಣ ಧೂಳನ್ನೂ ಸಹಿಸದವರ ಮನೆಯಲ್ಲಿ ಗಾಳಿ ಸೋಸುವ ಜಾಲರಿಯ ಮೇಲೆ ಅದು ಕಂಬಳಿಯಷ್ಟು ದಪ್ಪಗೆ ಕೂತಿತ್ತು. ಅದರ ಹಿಂದೆ, ನೀರು ಇಳಿಯುವ ತಟ್ಟೆಯಲ್ಲಿ, ಕಪ್ಪು ಬೂಷ್ಟು. ಹಸ್ತಪ್ರತಿಗಳಿಗೆಂದು ಇಟ್ಟುಕೊಂಡಿದ್ದ ಮೆತ್ತನೆಯ ಕುಂಚದಿಂದಲೇ ಜಾಲರಿ ಗುಡಿಸಿ, ನೀರಲ್ಲಿ ತೊಳೆದು, ನೆರಳಿಗೆ ಒಣಹಾಕಿದರಂತೆ. ಒಳಭಾಗ ತೊಳೆಸಲು ಮೆಕ್ಯಾನಿಕ್‌ನನ್ನು ಕರೆಸಿ, ಅವನ ಬೆನ್ನ ಹಿಂದೆಯೇ ನಿಂತು "ಮೆಲ್ಲಗೆ" ಎಂದರಂತೆ. ಪಟ್ಟಿಗಳನ್ನು ಮಾತ್ರ ತಾವೇ ಕಿತ್ತರು.

ಮನೆಗೆ ಮರಳಿದ ತಂಗಿ ಕಾದಂಬರಿಯನ್ನು ಅದೇ ಕೋಣೆಯಲ್ಲಿ ಓದಿ ಮುಗಿಸಿದಳು. ಸೆಕೆಗೂ ಧೂಳಿನ ಹೊತ್ತಿಗೂ ಏಸಿ ಈಗಲೂ ಉಂಟು. ಧ್ವನಿಮುದ್ರಣದ ಒಂದೆಡೆ, ನಾಯಕಿ ಸಾಯುವ ಪುಟದಲ್ಲಿ, ಕಿಟಕಿಯ ಚಿಲಕ ಸರಿದ ಸದ್ದೂ "ಮೆಲ್ಲಗೆ" ಎಂಬ ಗಂಡಸಿನ ದನಿಯೂ ಕೇಳುತ್ತವೆ. ಅಳಿಸೋಣವೇ ಎಂದು ಕೆಲಸ ಕೊಟ್ಟವರು ಕೇಳಿದರೆ, "ಇರಲಿ ಬಿಡಿ" ಎಂದಳಂತೆ.

ಪ್ರೀತಿಯನ್ನು ಕಾವಲಿನ ರೂಪದಲ್ಲಷ್ಟೇ ಬಲ್ಲ ಜನ ಎಲ್ಲ ಕುಟುಂಬಗಳಲ್ಲೂ ಒಬ್ಬರಾದರೂ ಇರುತ್ತಾರೆ. ಉಪದೇಶಕ್ಕೆ ಅವರು ಬಗ್ಗುವುದಿಲ್ಲ, ಬಗ್ಗಬೇಕಾಗಿಯೂ ಇಲ್ಲ. ಕಾಯುತ್ತಿರುವುದು ಉಸಿರಾಡುವ ಜೀವವನ್ನು ಎಂಬುದು ಒಮ್ಮೆ ಮನಸ್ಸಿಗೆ ಬಂದರೆ ಸಾಕು, ಕಿಟಕಿ ಮುಚ್ಚುತ್ತಿದ್ದಷ್ಟೇ ಹಟದಿಂದ ಅದನ್ನು ತೆರೆದು, ಪಕ್ಕದಲ್ಲೇ ಕಾವಲು ನಿಲ್ಲುತ್ತಾರೆ.